ಕಾಲೇಜು ಬಿಟ್ಟ ವಿದ್ಯಾರ್ಥಿಯ ಹಣ ಯಾರದು?

ದ್ವಿತೀಯ ಪಿಯುಸಿಯ ಫಲಿತಾಂಶ ಹೊರಬಿದ್ದ ಬಳಿಕ ಹರಪನಹಳ್ಳಿಯ ಬಸ್ ನಿಲ್ದಾಣದಲ್ಲಿ ಒಂದು ದೃಶ್ಯ ಪ್ರತಿವರ್ಷವೂ ಮರುಕಳಿಸುತ್ತದೆ. ಕೈಯಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದ ಮಕ್ಕಳು, ಅವರ ಜೊತೆಗೆ ಅಂಗಡಿಗೆ ಬೀಗ ಹಾಕಿ ಬಂದ ತಂದೆ ಅಥವಾ ಬುರ್ಖಾದೊಳಗೆ ಹಣದ ಗಂಟನ್ನು ಭದ್ರವಾಗಿ ಹಿಡಿದ ತಾಯಿ. ದಾವಣಗೆರೆ, ಹೊಸಪೇಟೆ, ಬಳ್ಳಾರಿ, ಹುಬ್ಬಳ್ಳಿ ಎಂದು ಅವರ ದಾರಿ ಕವಲೊಡೆಯುತ್ತದೆ. ಮೆಕ್ಕೆಜೋಳ ಮಾರಿದ ಹಣ, ಅಡವಿಟ್ಟ ಬಂಗಾರದ ಹಣ, ಸಂಬಂಧಿಕರಿಂದ ಪಡೆದ ಕೈಸಾಲ ಎಲ್ಲವೂ ಕಾಲೇಜಿನ ಕೌಂಟರಿನಲ್ಲಿ ಒಂದು ರಸೀದಿಯಾಗಿ ಮಾರ್ಪಡುತ್ತದೆ. ಕಾಲೇಜಿಗೆ ಸೇರುವ ಈ ದಿನದ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಸಭೆಗಳಲ್ಲಿ, ಸನ್ಮಾನಗಳಲ್ಲಿ, ಶುಕ್ರವಾರದ ಪ್ರವಚನಗಳಲ್ಲಿ ಶಿಕ್ಷಣದ ಮಹತ್ವವನ್ನು ಸಾರಿದ್ದೇವೆ. ಆದರೆ ಕಾಲೇಜು ಬಿಡುವ ದಿನದ ಬಗ್ಗೆ ನಾವು ಮಾತಾಡಿದ್ದು ಬಹಳ ಕಡಿಮೆ.

ಬಿಡುವುದೆಂದರೆ ಸೋಲು ಎಂಬ ಭಾವನೆ ನಮ್ಮಲ್ಲಿದೆ. ಆದ್ದರಿಂದ ಬಿಟ್ಟ ಮಗು ತಲೆತಗ್ಗಿಸಿ ಮನೆಗೆ ಮರಳುತ್ತದೆ, ಹೆತ್ತವರು ನಿಟ್ಟುಸಿರು ಬಿಟ್ಟು ಸುಮ್ಮನಾಗುತ್ತಾರೆ. ಕಟ್ಟಿದ ಹಣ ಏನಾಯಿತು? ಕೊಟ್ಟ ಮೂಲ ಅಂಕಪಟ್ಟಿ ಎಲ್ಲಿದೆ? ಮಂಜೂರಾದ ವಿದ್ಯಾರ್ಥಿವೇತನ ಯಾರ ಖಾತೆಯಲ್ಲಿದೆ? ಈ ಪ್ರಶ್ನೆಗಳನ್ನು ಕೇಳುವ ಧೈರ್ಯ ಅವರಿಗಿಲ್ಲ. ಕೇಳುವ ಹಕ್ಕು ಇದೆಯೆಂಬ ಅರಿವೂ ಇಲ್ಲ. ದುರಂತವೇನೆಂದರೆ, ಈ ಪ್ರಶ್ನೆಗಳಿಗೆ ಲಿಖಿತ ಉತ್ತರಗಳು ಈ ದೇಶದಲ್ಲಿ ಹಲವು ವರ್ಷಗಳಿಂದ ಇವೆ.

ಅಷ್ಟಕ್ಕೂ ಮಕ್ಕಳು ಕಾಲೇಜು ಬಿಡುವುದು ಸೋಮಾರಿತನದಿಂದಲೇ ಎಂದು ಭಾವಿಸುವುದು ತಪ್ಪು. ಹರಪನಹಳ್ಳಿಯನ್ನೇ ಎತ್ತಿಕೊಳ್ಳಿ. 1997ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿದ ಈ ತಾಲೂಕು, ದೀರ್ಘ ಹೋರಾಟದ ಬಳಿಕ ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕೆ ಒಳಪಟ್ಟಿತು. ಮರಳಿ ಬಳ್ಳಾರಿಗೆ ಸೇರಿ, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಈ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70 ಸೀಟುಗಳೂ ರಾಜ್ಯದ ಇತರೆಡೆಗಳಲ್ಲಿ ಶೇ. 8 ಸೀಟುಗಳೂ ಆ ಪ್ರದೇಶದ ಮಕ್ಕಳಿಗೆ ಮೀಸಲು. ಆದರೆ ವೃತ್ತಿಪರ ಕೋರ್ಸುಗಳ ಸೀಟು ಹಂಚಿಕೆ ಸುತ್ತು ಸುತ್ತಾಗಿ ನಡೆಯುತ್ತದೆ. ಅಷ್ಟರವರೆಗೆ ಕಾಯುತ್ತಾ ಕುಳಿತರೆ ಇದ್ದ ಸೀಟೂ ಕೈತಪ್ಪುತ್ತದೆ ಎಂಬ ಭಯದಿಂದ ಬಡವನೊಬ್ಬ ಮಗನನ್ನು ಬಿಎಸ್ಸಿಗೋ ಬಿಕಾಂಗೋ ಸೇರಿಸುತ್ತಾನೆ. ಎರಡನೆಯ ಸುತ್ತಿನಲ್ಲಿ ಇಂಜಿನಿಯರಿಂಗ್ ಸೀಟು ಬರುತ್ತದೆ. ಈಗ ಮೊದಲ ಕಾಲೇಜಿನಿಂದ ಹಣವನ್ನೂ ಪತ್ರಗಳನ್ನೂ ಬಿಡಿಸಿಕೊಳ್ಳದೆ ಎರಡನೆಯ ಕಾಲೇಜಿಗೆ ಸೇರುವಂತಿಲ್ಲ. ಇದು ಸೋಲೇ? ನಿಜವಾಗಿ ಇದು ಏಳಿಗೆ. ಆದರೆ ಆ ಏಳಿಗೆಗೆ ಮೊದಲ ಕಾಲೇಜಿನ ಕೌಂಟರಿನಲ್ಲಿ ದಂಡ ಕಟ್ಟಬೇಕಾಗುತ್ತದೆ.

ಇನ್ನು ಕೆಲವರು ಬೇರೆ ಕಾರಣಗಳಿಂದ ಬಿಡುತ್ತಾರೆ. ತಂದೆ ಹಾಸಿಗೆ ಹಿಡಿದಾಗ ಹಿರಿಯ ಮಗ ಗ್ಯಾರೇಜಿಗೆ ಹೋಗುತ್ತಾನೆ. ಒಳ್ಳೆಯ ಸಂಬಂಧ ಬಂತೆಂದು ಡಿಗ್ರಿ ಓದುತ್ತಿದ್ದ ಮಗಳ ನಿಕಾಹ್ ನಡುವರ್ಷದಲ್ಲೇ ನಡೆದುಹೋಗುತ್ತದೆ. 2006ರಲ್ಲಿ ಸಾಚಾರ್ ಸಮಿತಿ ತನ್ನ ವರದಿಯಲ್ಲಿ ಹೇಳಿದ್ದನ್ನು ನಾವು ಮರೆಯಬಾರದು. 20 ವರ್ಷ ಮೇಲ್ಪಟ್ಟ ಮುಸ್ಲಿಮರಲ್ಲಿ ಪದವಿ ಅಥವಾ ಡಿಪ್ಲೊಮಾ ಪಡೆದವರು ಶೇ. 4ಕ್ಕಿಂತಲೂ ಕಡಿಮೆ ಎಂದು ಅದು ಗುರುತಿಸಿತ್ತು. ಇಂತಹ ಸಮುದಾಯದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಪ್ರತಿಯೊಂದು ಮಗುವೂ ಅಮೂಲ್ಯ. ಬಿಟ್ಟುಹೋದ ಮಗುವಿಗೆ ಮರಳುವ ದಾರಿಯೊಂದು ತೆರೆದಿರಬೇಕಾದುದು ಅದಕ್ಕಿಂತಲೂ ಮುಖ್ಯ. ಕಾಲೇಜಿನ ಕಪಾಟಿನಲ್ಲಿ ಬಂಧಿಯಾದ ಅಂಕಪಟ್ಟಿಯು ಆ ದಾರಿಯನ್ನೇ ಮುಚ್ಚಿಬಿಡುತ್ತದೆ.

ಈಗ ನಿಯಮಗಳನ್ನು ನೋಡೋಣ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು, ಅಂದರೆ ಯುಜಿಸಿಯು, 2007ರ ಏಪ್ರಿಲ್‌ನಲ್ಲಿಯೇ ಒಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿತು. ತರಗತಿಗೆ ಸೇರುವ ಮುನ್ನವೇ ವಿದ್ಯಾರ್ಥಿ ಹಿಂದೆ ಸರಿದರೆ 1000 ರೂಪಾಯಿ ಮೀರದ ಸಂಸ್ಕರಣಾ ಶುಲ್ಕವನ್ನು ಕಳೆದು ಉಳಿದುದನ್ನೆಲ್ಲ ಮರಳಿಸಬೇಕು, ಮೂಲ ಪ್ರಮಾಣಪತ್ರಗಳನ್ನು ಒತ್ತೆ ಇರಿಸಿಕೊಳ್ಳಬಾರದು ಎಂದು ಅದು ಸ್ಪಷ್ಟಪಡಿಸಿತು. 2018ರ ಅಕ್ಟೋಬರ್‌ನಲ್ಲಿ ಹೆಚ್ಚು ವಿವರವಾದ ಅಧಿಸೂಚನೆ ಬಂತು. ಅದರ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿದುಕೊಳ್ಳುವುದು ಒಳ್ಳೆಯದು.

ಪ್ರವೇಶದ ಅಧಿಕೃತ ಕೊನೆಯ ದಿನ ಆಗಸ್ಟ್ 31 ಎಂದಿಟ್ಟುಕೊಳ್ಳಿ. ನೀವು ಕಟ್ಟಿದ ಶುಲ್ಕ 40,000 ರೂಪಾಯಿ. ಆಗಸ್ಟ್ 10ರಂದು ಲಿಖಿತ ಅರ್ಜಿ ಕೊಟ್ಟರೆ ಶೇ. 100 ಮರುಪಾವತಿ. ಸಂಸ್ಥೆಯು ಹೆಚ್ಚೆಂದರೆ ಶೇ. 5ರಷ್ಟನ್ನು, ಅದೂ 5000 ರೂಪಾಯಿ ಮೀರದಂತೆ, ಸಂಸ್ಕರಣಾ ವೆಚ್ಚವೆಂದು ಕಳೆಯಬಹುದು. ಇಲ್ಲಿ ಅದು 2000 ರೂಪಾಯಿ. ಆಗಸ್ಟ್ 25ರಂದು ಅರ್ಜಿ ಕೊಟ್ಟರೆ ಶೇ. 90, ಅಂದರೆ 36,000. ಸೆಪ್ಟೆಂಬರ್ 10ರಂದು ಕೊಟ್ಟರೆ ಶೇ. 80, ಅಂದರೆ 32,000. ಸೆಪ್ಟೆಂಬರ್ 25ರಂದು ಕೊಟ್ಟರೆ ಅರ್ಧ, ಅಂದರೆ 20,000. ಅಕ್ಟೋಬರ್ ಆರಂಭವಾದ ಬಳಿಕ ಕೊಟ್ಟರೆ ಶುಲ್ಕದಲ್ಲಿ ಏನೂ ಇಲ್ಲ. ಆದರೆ ಎಚ್ಚರಿಕೆ ಠೇವಣಿ ಮತ್ತು ಭದ್ರತಾ ಠೇವಣಿಗಳು ಈ ಲೆಕ್ಕದ ಹೊರಗಿವೆ, ಅವುಗಳನ್ನು ಪೂರ್ತಿಯಾಗಿ ಮರಳಿಸಲೇಬೇಕು. ಅರ್ಜಿ ಸ್ವೀಕರಿಸಿದ 15 ದಿನಗಳೊಳಗೆ ಹಣ ಕೈಸೇರಬೇಕು. ಮೂಲ ಪ್ರಮಾಣಪತ್ರಗಳನ್ನು ವಿದ್ಯಾರ್ಥಿಯ ಸಮ್ಮುಖದಲ್ಲೇ ಪರಿಶೀಲಿಸಿ, ಸ್ವಯಂ ದೃಢೀಕೃತ ಪ್ರತಿಯನ್ನು ಇರಿಸಿಕೊಂಡು, ಮೂಲವನ್ನು ಕೂಡಲೇ ಹಿಂತಿರುಗಿಸಬೇಕು. ಮುಂದಿನ ವರ್ಷಗಳ ಶುಲ್ಕವನ್ನು ಮೊದಲೇ ಕೇಳುವಂತಿಲ್ಲ. ಪಾಲಿಸದ ಸಂಸ್ಥೆಗಳ ಅನುದಾನ ತಡೆಹಿಡಿಯುವ, ಮಾನ್ಯತೆ ರದ್ದತಿಗೆ ಶಿಫಾರಸು ಮಾಡುವ ಅಧಿಕಾರವನ್ನೂ ಅಧಿಸೂಚನೆ ಉಲ್ಲೇಖಿಸಿದೆ.

ಕೊರೋನಾ ಕಾಲದಲ್ಲಿ ಈ ನಿಯಮ ಇನ್ನಷ್ಟು ಉದಾರವಾಯಿತು. 2020ರಿಂದ ಆಯೋಗವು ಪ್ರತ್ಯೇಕ ಸುತ್ತೋಲೆಗಳ ಮೂಲಕ ಪೂರ್ಣ ಮರುಪಾವತಿಯ ದಿನಾಂಕಗಳನ್ನು ನಿಗದಿಪಡಿಸತೊಡಗಿತು. 2024-25ನೇ ಸಾಲಿಗೆ ಸೆಪ್ಟೆಂಬರ್ 30ರವರೆಗೆ ಬಿಟ್ಟವರಿಗೆ ಪೂರ್ಣ ಹಣ, ಅಕ್ಟೋಬರ್ 31ರವರೆಗೆ ಬಿಟ್ಟವರಿಗೆ 1000 ರೂಪಾಯಿ ಮಾತ್ರ ಕಳೆದು ಉಳಿದದ್ದು ಎಂದು ಹೇಳಿತ್ತು. ಆದ್ದರಿಂದ ಆಯಾ ವರ್ಷದ ಸುತ್ತೋಲೆಯನ್ನು ನೋಡಿಕೊಳ್ಳುವುದು ಅಗತ್ಯ. ಇವು ಪದವಿ ಮತ್ತು ಅದರ ಮೇಲಿನ ಶಿಕ್ಷಣಕ್ಕೆ ಸಂಬಂಧಿಸಿದವು, ಪಿಯು ಕಾಲೇಜುಗಳಿಗೆ ಅನ್ವಯಿಸುವುದಿಲ್ಲ ಎಂಬುದೂ ಗಮನದಲ್ಲಿರಲಿ.

ನ್ಯಾಯಾಲಯವೂ ಈ ವಿಷಯದಲ್ಲಿ ಮೌನವಾಗಿಲ್ಲ. ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಶನ್ ಮತ್ತು ಕರ್ನಾಟಕ ಸರಕಾರದ ನಡುವಿನ ಪ್ರಕರಣದಲ್ಲಿ 2003ರ ಆಗಸ್ಟ್‌ನಲ್ಲಿ ಸುಪ್ರೀಮ್ ಕೋರ್ಟ್ ನೀಡಿದ ತೀರ್ಪು ನಮ್ಮ ರಾಜ್ಯದಿಂದಲೇ ಹೋದ ವಿವಾದದ ಫಲ. ಸಂಸ್ಥೆಯು ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ಶುಲ್ಕವನ್ನು ಮಾತ್ರ ಪಡೆಯಬಹುದು, ವಿದ್ಯಾರ್ಥಿ ನಡುವೆ ಬಿಟ್ಟುಹೋಗಬಹುದೆಂಬ ಆತಂಕವಿದ್ದರೆ ಉಳಿದ ವರ್ಷಗಳಿಗೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು ಎಂದು ಅದು ಹೇಳಿತು. ಹೆಚ್ಚಿನ ಅವಧಿಯ ಹಣವನ್ನು ಈಗಾಗಲೇ ಪಡೆದಿದ್ದರೆ ಅದನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿಡಬೇಕು, ಬಡ್ಡಿಯ ಪ್ರಯೋಜನ ವಿದ್ಯಾರ್ಥಿಗೆ ಸಲ್ಲಬೇಕು ಎಂದೂ ಸೂಚಿಸಿತು. ಅಂದರೆ ಸಂಸ್ಥೆಯ ಆತಂಕವನ್ನು ನ್ಯಾಯಾಲಯ ಕಡೆಗಣಿಸಲಿಲ್ಲ. ತಡವಾಗಿ ಖಾಲಿಯಾದ ಸೀಟು ವರ್ಷವಿಡೀ ಖಾಲಿಯಾಗಿಯೇ ಉಳಿಯುತ್ತದೆ, ಅಧ್ಯಾಪಕರ ವೇತನ ಮಾತ್ರ ನಿಲ್ಲುವುದಿಲ್ಲ. ಸಣ್ಣ ಊರಿನ ಸಣ್ಣ ಕಾಲೇಜಿಗೆ ಅದು ನೈಜ ಕಷ್ಟ. ಶೇ. 100ರಿಂದ ಸೊನ್ನೆಯವರೆಗೆ ಇಳಿಯುವ ಮೆಟ್ಟಿಲುಗಳನ್ನು ನಿಯಮದಲ್ಲಿ ಇರಿಸಿದ್ದು ಈ ಕಾರಣಕ್ಕಾಗಿಯೇ. ಇಬ್ಬರ ಹಿತವನ್ನೂ ತೂಗಿ ಮಾಡಿದ ನಿಯಮವನ್ನು ಒಬ್ಬರು ಮಾತ್ರ ಪಾಲಿಸಬೇಕು ಎನ್ನುವುದು ಯಾವ ನ್ಯಾಯ?

ಹಾಗಾದರೆ ನಿಯಮವಿದ್ದೂ ಹಣ ಏಕೆ ಮರಳುವುದಿಲ್ಲ? ನಮ್ಮ ನಿಯಮಗಳ ದೊಡ್ಡ ದೌರ್ಬಲ್ಯವೊಂದು ಇಲ್ಲಿದೆ. ಅವು ವಿದ್ಯಾರ್ಥಿಯ ಅರ್ಜಿಯಿಂದ ಮಾತ್ರ ಎಚ್ಚರಗೊಳ್ಳುತ್ತವೆ. ಅರ್ಜಿ ಬರೆಯಲಾರದವನ, ಬರೆಯಬೇಕೆಂದು ತಿಳಿಯದವನ ಪಾಲಿಗೆ ಅವು ಮಲಗಿಯೇ ಇರುತ್ತವೆ. ಕೇಳಿದವನಿಗೆ ಕೊಡು, ಕೇಳದವನದನ್ನು ಇಟ್ಟುಕೋ ಎಂಬುದೇ ಇಲ್ಲಿನ ಅಲಿಖಿತ ಪದ್ಧತಿ. ಕೇಳಬಲ್ಲವರು ಯಾರು? ಓದಿದ ತಂದೆತಾಯಿ ಇರುವವರು. ಕೇಳಲಾರದವರು ಯಾರು? ಮನೆಯ ಮೊದಲ ತಲೆಮಾರಾಗಿ ಕಾಲೇಜು ಕಂಡವರು. ಹೀಗೆ ಯಾರಿಗೆ ಹಣದ ಅಗತ್ಯ ಅತ್ಯಧಿಕವೋ ಅವರದೇ ಹಣ ಉಳಿದುಹೋಗುತ್ತದೆ.

ಈ ವಿಷಯದಲ್ಲಿ ಅಮೆರಿಕಾದ ಪದ್ಧತಿಯೊಂದನ್ನು ಗಮನಿಸುವುದು ಉಪಯುಕ್ತ. ಅಲ್ಲಿ 1965ರ ಉನ್ನತ ಶಿಕ್ಷಣ ಕಾಯ್ದೆಯಡಿ ಕೇಂದ್ರ ಸರಕಾರವು ಬಡ ವಿದ್ಯಾರ್ಥಿಗಳಿಗೆ ಪೆಲ್ ಅನುದಾನವನ್ನೂ ಸಾಲವನ್ನೂ ನೀಡುತ್ತದೆ. ಹಣವು ಬಹುತೇಕ ಕಾಲೇಜಿನ ಮೂಲಕವೇ ಸಾಗುತ್ತದೆ. 1998ರ ತಿದ್ದುಪಡಿಯ ಬಳಿಕ ಒಂದು ಸೂತ್ರ ಜಾರಿಗೆ ಬಂತು: ವಿದ್ಯಾರ್ಥಿ ಎಷ್ಟು ದಿನ ಹಾಜರಾದನೋ ಅಷ್ಟು ಪಾಲಿನ ನೆರವು ಮಾತ್ರ ಅವನು ಗಳಿಸಿದ್ದು. ಸೆಮಿಸ್ಟರಿನ ಶೇ. 30ರಷ್ಟು ಕಾಲ ಮುಗಿಸಿ ಬಿಟ್ಟರೆ ಶೇ. 30ರಷ್ಟು ನೆರವು ಅವನದು, ಉಳಿದ ಶೇ. 70 ಗಳಿಸದ ಹಣ. ಶೇ. 60ರ ಗಡಿ ದಾಟಿದರೆ ಪೂರ್ತಿ ಹಣವೂ ಗಳಿಸಿದಂತೆಯೇ. ಇಲ್ಲಿ ಗಮನಿಸಬೇಕಾದುದು ಸೂತ್ರಕ್ಕಿಂತಲೂ ಹೊಣೆಯನ್ನು. ವಿದ್ಯಾರ್ಥಿ ಯಾವ ದಿನ ಬಿಟ್ಟನೆಂದು ನಿರ್ಧರಿಸಬೇಕಾದುದು ಕಾಲೇಜು. ಲೆಕ್ಕ ಹಾಕಬೇಕಾದುದು ಕಾಲೇಜು. ಗಳಿಸದ ಹಣದಲ್ಲಿ ತನ್ನ ಪಾಲನ್ನು, ವಿದ್ಯಾರ್ಥಿ ಬಿಟ್ಟನೆಂದು ಗೊತ್ತಾದ 45 ದಿನಗಳೊಳಗೆ ಮರಳಿಸಬೇಕಾದುದೂ ಕಾಲೇಜು. ವಿದ್ಯಾರ್ಥಿ ಹೇಳದೆ ಕೇಳದೆ ಹೋದರೂ ಕಾಲೇಜಿನ ಹೊಣೆ ತಪ್ಪುವುದಿಲ್ಲ. ಲೆಕ್ಕಪರಿಶೋಧಕರು ಇದನ್ನು ಪರಿಶೀಲಿಸುತ್ತಾರೆ, ತಡಮಾಡಿದ ಸಂಸ್ಥೆ ಸರಕಾರಕ್ಕೆ ಉತ್ತರ ಕೊಡಬೇಕಾಗುತ್ತದೆ.

ಆ ಪದ್ಧತಿ ದೋಷರಹಿತ ಎಂದು ನಾವು ಹೇಳುತ್ತಿಲ್ಲ. ಸರಕಾರಕ್ಕೆ ಮರಳಿಸಿದ ಹಣವನ್ನು ಕಾಲೇಜು ಮತ್ತೆ ವಿದ್ಯಾರ್ಥಿಯಿಂದಲೇ ಬಾಕಿಯೆಂದು ವಸೂಲಿ ಮಾಡುವುದೂ ಅಲ್ಲಿದೆ. ಬಿಟ್ಟ ಬಡ ಹುಡುಗನೊಬ್ಬ ಸಾಲಗಾರನಾಗುವುದೂ ಇದೆ. ಆದರೆ ಲೆಕ್ಕದ ಹೊಣೆ ಬಲಾಢ್ಯನದು, ದುರ್ಬಲನದಲ್ಲ ಎಂಬ ತತ್ವ ಮಾತ್ರ ಅನುಕರಣೀಯ.

ನಮ್ಮಲ್ಲಿ ಏನಾಗುತ್ತಿದೆ? ಶಿಕ್ಷಣ ಸಾಲವನ್ನು ಬ್ಯಾಂಕುಗಳು ಸಾಮಾನ್ಯವಾಗಿ ನೇರವಾಗಿ ಸಂಸ್ಥೆಗೇ ಪಾವತಿಸುತ್ತವೆ. ವಿದ್ಯಾರ್ಥಿ ಬಿಟ್ಟಾಗ ಮರಳಬೇಕಾದ ಮೊತ್ತ ಸಾಲದ ಖಾತೆಗೆ ಜಮೆಯಾಗದಿದ್ದರೆ, ಓದದ ಓದಿಗೆ ಬಡ್ಡಿ ಬೆಳೆಯುತ್ತಲೇ ಹೋಗುತ್ತದೆ. ಬಡ್ಡಿಯೆಂದರೆ ಬೆಚ್ಚಿಬೀಳುವ ಕುಟುಂಬವೊಂದು ಅನಿವಾರ್ಯತೆಯಿಂದ ಸಾಲ ಮಾಡಿ, ಕೊನೆಗೆ ಓದೂ ಇಲ್ಲದೆ ಬಡ್ಡಿ ಕಟ್ಟುವ ಸ್ಥಿತಿಗಿಂತ ಕ್ರೂರವಾದುದು ಇನ್ನೇನಿದೆ? ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮಾರ್ಗಸೂಚಿಯಂತೂ, ವರ್ಷದ ನಡುವೆ ಓದು ನಿಲ್ಲಿಸಿದವನಿಂದ ಹಣ ಹಿಂಪಡೆಯುವ ವಿವೇಚನೆಯನ್ನು ರಾಜ್ಯ ಸರಕಾರಕ್ಕೆ ಕೊಟ್ಟಿದೆ. ಬಿಟ್ಟ ಮಗುವಿನ ಬಾಗಿಲನ್ನು ತಟ್ಟಲು ಸರಕಾರಕ್ಕೆ ದಾರಿ ತಿಳಿದಿದೆ. ಅದೇ ಕಟ್ಟುನಿಟ್ಟನ್ನು ಶುಲ್ಕ ಪಡೆದು ಕುಳಿತ ಸಂಸ್ಥೆಯ ಮೇಲೂ ತೋರಬಾರದೇಕೆ?

ಬಿಟ್ಟವರ ಲೆಕ್ಕ ಇಡದಿರುವುದರ ಇನ್ನೊಂದು ಮುಖ ಹೆಚ್ಚು ನಾಚಿಕೆಗೇಡಿನದು. ಸಾಚಾರ್ ವರದಿಯ ಬೆನ್ನಿಗೇ ಅಲ್ಪಸಂಖ್ಯಾತ ಮಕ್ಕಳಿಗಾಗಿ ಕೇಂದ್ರದ ವಿದ್ಯಾರ್ಥಿವೇತನ ಯೋಜನೆಗಳು ಆರಂಭವಾದವು. 2023ರಲ್ಲಿ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯವು ಈ ಯೋಜನೆಗಳಡಿ 1572 ಸಂಸ್ಥೆಗಳನ್ನು ಪರಿಶೀಲಿಸಿದಾಗ 830 ಸಂಸ್ಥೆಗಳು ನಕಲಿ ಅಥವಾ ನಿಷ್ಕ್ರಿಯ ಎಂದು ಕಂಡುಬಂತು. 144 ಕೋಟಿ ರೂಪಾಯಿಗೂ ಮಿಕ್ಕಿದ ನಷ್ಟದ ಅಂದಾಜಿನೊಂದಿಗೆ ಪ್ರಕರಣ ಸಿಬಿಐಗೆ ಹೋಯಿತು. ಓದುತ್ತಿಲ್ಲದ ಮಕ್ಕಳ ಹೆಸರಿನಲ್ಲಿ ಹಣ ಹರಿಯಲು ಸಾಧ್ಯವಾದುದು ಹೇಗೆ? ತರಗತಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂಬ ಸತ್ಯವನ್ನು ಯಾರೂ ಬರೆದಿಡದಿದ್ದುದರಿಂದ. ಅದರ ಬೆಲೆ ತೆತ್ತವರು ಯಾರು? ವಂಚಕರಂತೂ ಅಲ್ಲ. ಪ್ರಾಮಾಣಿಕವಾಗಿ ಅರ್ಜಿ ಸಲ್ಲಿಸಿ, ಮರುಪರಿಶೀಲನೆಯ ಹೆಸರಿನಲ್ಲಿ ಕಚೇರಿಯಿಂದ ಕಚೇರಿಗೆ ಅಲೆದ ಬಡ ಮಕ್ಕಳು.

ಇಲ್ಲಿ ನಾವು ನಮ್ಮನ್ನೂ ಕಟಕಟೆಯಲ್ಲಿ ನಿಲ್ಲಿಸಿಕೊಳ್ಳಬೇಕಾಗಿದೆ. ಸಮುದಾಯದ ಹೆಸರಿನಲ್ಲಿ, ಸಮುದಾಯದ ಚಂದಾದಿಂದ ಕಟ್ಟಿದ ಶಿಕ್ಷಣ ಸಂಸ್ಥೆಗಳು ಈ ವಿಷಯದಲ್ಲಿ ಇತರರಿಗಿಂತ ಭಿನ್ನವಾಗಿವೆಯೇ? ಬಿಟ್ಟ ಮಗುವಿನ ತಂದೆ ಬಂದಾಗ ಕುರ್ಚಿ ಕೊಟ್ಟು ಲೆಕ್ಕ ತೋರಿಸುವ ಆಡಳಿತ ಮಂಡಳಿಗಳು ಎಷ್ಟಿವೆ? ಅಮಾನತ್ ಎಂಬ ಪದ ನಮ್ಮ ಭಾಷಣಗಳಲ್ಲಿ ಯಥೇಚ್ಛವಾಗಿ ಬಳಕೆಯಾಗುತ್ತದೆ. ಇತರರು ನಂಬಿ ಕೊಟ್ಟದ್ದನ್ನು ಅದರ ಹಕ್ಕುದಾರರಿಗೆ ತಲುಪಿಸುವುದು ಸತ್ಯವಿಶ್ವಾಸದ ಬೇಡಿಕೆಯೆಂದು ಬಾಲ್ಯದಿಂದಲೇ ಕಲಿತವರು ನಾವು. ಕೊಡದ ಪಾಠಕ್ಕೆ ಪಡೆದ ಶುಲ್ಕ ಅಮಾನತ್ ಅಲ್ಲವೇ? ಕಪಾಟಿನಲ್ಲಿರುವ ಇತರರ ಅಂಕಪಟ್ಟಿ ಅಮಾನತ್ ಅಲ್ಲವೇ? ಕೇಳಿದಾಗ ಕೊಡುವುದು ಕಾನೂನಿನ ಪಾಲನೆಯಷ್ಟೇ. ಕೇಳುವ ಮೊದಲೇ ಕರೆದು ಕೊಡುವುದು ಅಮಾನತ್‌ನ ಪಾಲನೆ. ನಮ್ಮ ಸಂಸ್ಥೆಗಳು ಆ ಮಾದರಿಯನ್ನು ತೋರಿಸಿದ ದಿನ, ಇತರ ಸಂಸ್ಥೆಗಳನ್ನು ಪ್ರಶ್ನಿಸುವ ನೈತಿಕ ಹಕ್ಕು ನಮಗೆ ಬರುತ್ತದೆ.

ಕುಟುಂಬಗಳ ಹೊಣೆಯೂ ಸಣ್ಣದಲ್ಲ. ಮೂಲ ಪತ್ರಗಳನ್ನು ತೋರಿಸಿ, ಪ್ರತಿಗಳನ್ನು ಕೊಟ್ಟು, ಮೂಲವನ್ನು ಅಲ್ಲಿಯೇ ಮರಳಿ ಪಡೆಯಿರಿ. ಪ್ರತಿಯೊಂದು ರೂಪಾಯಿಗೂ ರಸೀದಿ ಕೇಳಿ, ಠೇವಣಿಯ ಮೊತ್ತವನ್ನು ಬೇರೆಯಾಗಿ ಬರೆಸಿಕೊಳ್ಳಿ. ಬಿಡುವ ನಿರ್ಧಾರ ಮಾಡಿದ ದಿನವೇ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯ ಮೇಲೆ ಮೊಹರು ಹಾಗೂ ದಿನಾಂಕ ಹಾಕಿಸಿಕೊಳ್ಳಿ. ಮೇಲಿನ ಲೆಕ್ಕದಲ್ಲಿ ಒಂದು ವಾರದ ವಿಳಂಬಕ್ಕೆ 12,000 ರೂಪಾಯಿ ಕೈಬಿಡಬಹುದು ಎಂಬುದನ್ನು ಗಮನಿಸಿ. ಸುಮ್ಮನೆ ಹೋಗುವುದನ್ನು ನಿಲ್ಲಿಸಿದರೆ ನಿಮ್ಮ ಹಕ್ಕೂ ನಿಂತುಹೋಗುತ್ತದೆ. ಶಿಕ್ಷಣ ಸಾಲವಿದ್ದರೆ ಬ್ಯಾಂಕಿಗೂ, ವಿದ್ಯಾರ್ಥಿವೇತನವಿದ್ದರೆ ಆ ಇಲಾಖೆಗೂ ಅದೇ ದಿನ ತಿಳಿಸಿ. ಮಗಳ ನಿಕಾಹ್ ನಡುವರ್ಷದಲ್ಲಿ ನಿಶ್ಚಯವಾದರೆ, ಮದುವೆಯ ಖರ್ಚಿನ ಪಟ್ಟಿಯ ಜೊತೆಗೆ ಅವಳ ವರ್ಗಾವಣೆ ಪತ್ರ ಮತ್ತು ಅಂಕಪಟ್ಟಿಗಳ ಪಟ್ಟಿಯೂ ಇರಲಿ. ಅತ್ತೆಮನೆಯ ಊರಿನಲ್ಲಿಯೂ ಕಾಲೇಜುಗಳಿವೆ.

ಕೊಡಲೊಪ್ಪದಿದ್ದರೆ ಏನು ಮಾಡುವುದು? 2023ರ ಏಪ್ರಿಲ್‌ನಲ್ಲಿ ಯುಜಿಸಿ ಹೊರಡಿಸಿದ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಾವಳಿಯಂತೆ ಪ್ರತಿಯೊಂದು ಸಂಸ್ಥೆಯಲ್ಲಿಯೂ ಕುಂದುಕೊರತೆ ಸಮಿತಿ ಇರಬೇಕು. ಪ್ರಮಾಣಪತ್ರ ತಡೆಹಿಡಿದು ಶುಲ್ಕ ಕಟ್ಟುವಂತೆ ಒತ್ತಾಯಿಸುವುದು, ವಿದ್ಯಾರ್ಥಿವೇತನ ವಿಳಂಬಿಸುವುದು ಇವೆಲ್ಲ ದೂರಿಗೆ ಅರ್ಹವಾದ ವಿಷಯಗಳೇ. ಸಮಿತಿಯು 15 ಕೆಲಸದ ದಿನಗಳಲ್ಲಿ ವರದಿ ನೀಡಬೇಕು. ಅದರಿಂದ ತೃಪ್ತಿಯಾಗದಿದ್ದರೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಸಂಯೋಜಿತ ಕಾಲೇಜುಗಳ ವಿದ್ಯಾರ್ಥಿಗಳಿಗೂ ಈ ದಾರಿ ತೆರೆದಿದೆ. ವಿಶ್ವವಿದ್ಯಾಲಯಗಳು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಲ್ಲಿವೆ. ಒಂದು ವರ್ಷದಲ್ಲಿ ಎಷ್ಟು ಮಂದಿ ಬಿಟ್ಟರು, ಎಷ್ಟು ಹಣ ಮರಳಿಸಲಾಯಿತು ಎಂಬ ಎರಡು ಸಾಲಿನ ಪ್ರಶ್ನೆಯನ್ನು ಕೇಳಲು ವಕೀಲರು ಬೇಕಿಲ್ಲ. ನಮ್ಮ ಅಂಜುಮನ್‌ಗಳು, ಮಸೀದಿ ಸಮಿತಿಗಳು ಪ್ರವೇಶದ ಋತುವಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬಿಸಲು ಶಿಬಿರ ನಡೆಸುವುದುಂಟು. ಅದೇ ಶಿಬಿರವನ್ನು ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ ನಡೆಸಿ, ಕಾಲೇಜು ಬದಲಿಸುವವರಿಗೂ ಬಿಡುವವರಿಗೂ ಅರ್ಜಿ ಬರೆದುಕೊಟ್ಟರೆ ಆಗುವ ಉಪಕಾರ ಸಣ್ಣದಲ್ಲ.

ಆದರೆ ಕೊನೆಯ ಮಾತು ಆಳುವವರಿಗೆ. ಪ್ರವೇಶದ ದಾಖಲೆ, ಹಾಜರಾತಿ, ವಿದ್ಯಾರ್ಥಿವೇತನ, ಬ್ಯಾಂಕ್ ಖಾತೆ ಎಲ್ಲವೂ ಈಗ ಗಣಕಯಂತ್ರದಲ್ಲಿವೆ. ವಿದ್ಯಾರ್ಥಿ ಬಿಟ್ಟ ಕೂಡಲೇ ಕಾಲೇಜು ತಾನಾಗಿಯೇ ಲೆಕ್ಕ ಹಾಕಿ, ಮರಳಿಸಬೇಕಾದ ಮೊತ್ತವನ್ನು ಕುಟುಂಬಕ್ಕೋ ಸಾಲದ ಖಾತೆಗೋ ಸರಕಾರಕ್ಕೋ ಕಳುಹಿಸಬೇಕು, ವರ್ಷಾಂತ್ಯದಲ್ಲಿ ಅದರ ವಿವರವನ್ನು ಪ್ರಕಟಿಸಬೇಕು ಎಂದು ವಿಧಿಸಲು ಹೊಸ ಖಜಾನೆ ಬೇಕಿಲ್ಲ, ಇಚ್ಛಾಶಕ್ತಿ ಸಾಕು. ಬಡವನ ಅರ್ಜಿಗಾಗಿ ಕಾಯುವ ನ್ಯಾಯವು ಬಡವನಿಗೆ ತಲುಪುವುದಿಲ್ಲ.

ಫೈಲು ಹಿಡಿದು ಬಸ್ಸು ಹತ್ತಿದ ಆ ಮಗು ಒಂದು ದಿನ ಅದೇ ಬಸ್ಸಿನಲ್ಲಿ ಮರಳಿ ಬರಬಹುದು. ಬರಲಿ. ಬದುಕು ಎಲ್ಲರನ್ನೂ ಒಂದೇ ದಾರಿಯಲ್ಲಿ ನಡೆಸುವುದಿಲ್ಲ. ಆದರೆ ಬರುವಾಗ ಅದರ ಫೈಲು ಖಾಲಿಯಾಗಿರದಿರಲಿ.